ಮಾರ್ಲಿಸ್ ಬರೆದ ಮೋಡಿಯ ನಿಯಮ

ಟಣ್, ಟರ್ರ್, ಟಕ್. ಬಿಸ್ಕತ್ತಿನ ಡಬ್ಬದ ತಗಡಿನ ಮುಚ್ಚಳದೊಳಗೆ ಇಪ್ಪತ್ತು ಮುಖದ ದಾಳವೊಂದು ಬಿದ್ದು, ಅಂಚಿಗೆ ತಾಗಿ ಉರುಳಿ, ನಿಲ್ಲುವ ಸದ್ದು. ಮ್ಯಾನಿಟೊವಾಕ್ ಊರಿನ ಶಾಲಾ ಬಸ್ಸುಗಳ ಶೆಡ್ಡಿನಲ್ಲಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಇದೊಂದನ್ನು ಬಿಟ್ಟರೆ ಬೇರೆ ಸದ್ದಿಲ್ಲ. ಮಕ್ಕಳನ್ನು ಇಳಿಸಿ ಬಂದ ಬಸ್ಸುಗಳು ಸಾಲಾಗಿ ನಿಂತು, ಮೈಮೇಲಿನ ಹಿಮ ಕರಗಿಸುತ್ತಾ ನೆಲ ಒದ್ದೆ ಮಾಡುತ್ತಿರುತ್ತವೆ. ಚಾಲಕರು ಮನೆಗೆ ಹೋಗಿ ಒಂದು ನಿದ್ದೆ ತೆಗೆಯುತ್ತಾರೆ. ಯಾವ ಬಸ್ಸು ಎಲ್ಲಿದೆ ಎಂದು ರೇಡಿಯೋದಲ್ಲಿ ವಿಚಾರಿಸಿಕೊಳ್ಳುವ ಮಾರ್ಲಿಸ್ ಟೆಟ್ಜ್‌ಲಾಫ್ ಒಬ್ಬಳೇ ಗಾಜಿನ ಕೋಣೆಯಲ್ಲಿ ಕೂತು ದಾಳ ಹಾಕುತ್ತಾಳೆ. ಬಿದ್ದ ಅಂಕಿಯನ್ನು ಚೌಕದ ಹಾಳೆಯಲ್ಲಿ ಗುರುತು ಮಾಡುತ್ತಾಳೆ. ಮತ್ತೆ ಹಾಕುತ್ತಾಳೆ. ದಿನಕ್ಕೆ ಇನ್ನೂರು ಸಲ.

ಅವಳಿಗೆ ನಲವತ್ತೊಂದು ವರ್ಷ. ಹಗಲು ಬಸ್ಸಿನ ಕೆಲಸ. ಉಳಿದ ಹೊತ್ತಿನಲ್ಲಿ ಆಟದ ಪುಸ್ತಕಗಳಿಗೆ ನಿಯಮ ಬರೆಯುವುದು. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬ ಕಥೆ ನಡೆಸುತ್ತಾ, ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಕಾಡು ಕೋಟೆ ಭೂತಗಳ ನಡುವೆ ಅಲೆಯುವ ಆಟ ಅದು. ಕತ್ತಿ ಬೀಸಿದರೆ ತಾಗಿತೋ ಇಲ್ಲವೋ ದಾಳ ಹೇಳುತ್ತದೆ. ಬೇಲಿ ಹಾರಿದರೆ ಕಾಲು ಮುರಿಯಿತೋ ಇಲ್ಲವೋ ದಾಳ ಹೇಳುತ್ತದೆ. ಒಬ್ಬ ಇನ್ನೊಬ್ಬನನ್ನು ಮಾತಿನಿಂದ ಒಲಿಸಿದರೆ, ಮಂತ್ರದಿಂದ ಮೋಡಿ ಮಾಡಿದರೆ, ಅದಕ್ಕೂ ದಾಳವೇ. ಆ ವರ್ಷ, ಅಂದರೆ ತೊಂಬತ್ತಾರರ ಚಳಿಗಾಲದಲ್ಲಿ, ಮಾರ್ಲಿಸ್ ಬರೆಯುತ್ತಿದ್ದದ್ದು ಆ ಕೊನೆಯದನ್ನು. ಒಲಿಸುವುದು ಮತ್ತು ಮೋಡಿ ಮಾಡುವುದು, ಹದಿನಾರು ಪುಟ.

ಮೂರನೆಯ ನಂಬರಿನ ಬಸ್ಸಿನ ಎಲ್‌ರಾಯ್ ಸ್ವೋಬೋದ ಮನೆಗೆ ಹೋಗುತ್ತಿರಲಿಲ್ಲ. ಹೆಂಡತಿ ಗೋಡೆಗೆ ಬಣ್ಣ ಹಚ್ಚಲು ಹೇಳಿದ್ದಳು. ಆ ಭಯಕ್ಕೆ ಶೆಡ್ಡಿನಲ್ಲೇ ಬುತ್ತಿ ಬಿಚ್ಚುತ್ತಿದ್ದ. ಅವತ್ತು ಬುತ್ತಿಯನ್ನು ಮಾರ್ಲಿಸಳ ಮೇಜಿಗೇ ತಂದು ಕೂತ.

"ಇವತ್ತು ಯಾರ ಗ್ರಹಚಾರ?" ಎಂದು ಕೇಳಿದ.

"ಕೋಟೆ ಕಾವಲುಗಾರಂದು."

"ಏನ್ ಮಾಡ್ದ ಪಾಪ?"

"ಏನೂ ಮಾಡಿಲ್ಲ. ಬಾಗ್ಲಲ್ಲಿ ನಿಂತಿದಾನೆ. ಹಾಡೋಳೊಬ್ಬಳು ಬಂದು ಬಾಗ್ಲು ತೆಗಿಯೋ ಅಂತ ಸಿಹಿಯಾಗಿ ಕೇಳ್ತಾಳೆ. ಹದಿನೈದೋ ಅದಕ್ಕಿಂತ ಮೇಲೋ ಬಿದ್ರೆ ತೆಗೀತಾನೆ."

"ಅವಳ ಗುರುತಿದ್ರೆ?"

"ಗುರುತಾಗಿ ಎಷ್ಟು ವರ್ಷ ಆಯ್ತೋ ಅಷ್ಟು ಅಂಕಿ ಕೂಡಿಸ್ಕೋಬೇಕು. ಸ್ನೇಹ ಹಳೇದಾದಷ್ಟೂ ಸಲೀಸು."

ಎಲ್‌ರಾಯ್ ಸಾಸೇಜು ಅಗಿಯುತ್ತಾ ಯೋಚಿಸಿದ. "ನಮ್ಮನೇಲಿ ದಾಳಾನೇ ಬೇಕಾಗಿಲ್ಲ. ಬರ್ನೀಸ್ ಒಂದ್ಸಲ ಗಂಟಲು ಸರಿ ಮಾಡ್ಕೊಂಡ್ರೆ ಸಾಕು, ನಾನೇ ಓಡಿ ಹೋಗಿ ಬಾಗ್ಲು ತೆಗೀತೀನಿ."

"ಮದ್ವೆಯಾಗಿ ಎಷ್ಟು ವರ್ಷ?"

"ಮೂವತ್ತೊಂದು."

"ಹಂಗಾದ್ರೆ ಸರಿಯಾಗೇ ಇದೆ. ಹದಿನಾಲ್ಕು ದಾಟಿದ್ರೆ ದಾಳ ಬೇಡ, ಏನು ಬಿದ್ರೂ ಆಗುತ್ತೆ," ಎಂದು ಮಾರ್ಲಿಸ್ ನಗದೆ ಹೇಳಿ, ಮತ್ತೊಂದು ಗುರುತು ಹಾಕಿದಳು.

ಎಲ್‌ರಾಯ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಗುತ್ತಾಳೇನೋ ಎಂದು ನೋಡಿದ. ಮೊದಲೆಲ್ಲ ಇಂಥದ್ದಕ್ಕೆ ಅವಳ ಮೂಗಿನಿಂದ ಸಣ್ಣ ಉಸಿರೊಂದು ಬರುತ್ತಿತ್ತು. ಅವಳ ನಗು ಅಷ್ಟೇ. ಹತ್ತು ತಿಂಗಳಿಂದ ಅದೂ ಇರಲಿಲ್ಲ. ಅವನು ತನ್ನ ಪೊಟ್ಟಣದಿಂದ ಎರಡು ಹಸಿ ಚೀಸಿನ ತುಂಡು ಅವಳ ಮುಂದಿಟ್ಟ. ಬೆಳಗಿನ ಚೀಸು, ಹಲ್ಲಿಗೆ ಸಿಕ್ಕರೆ ಕಿರ್ ಎನ್ನುವಂಥದ್ದು. ಮಾರ್ಲಿಸ್ ಬಾಯಿಗೆ ಹಾಕಿಕೊಂಡಳು. ಕಿರ್ ಎಂದದ್ದು ಕೇಳಿಸಿತು. ರುಚಿ ಮಾತ್ರ ಎಲ್ಲೋ ದೂರದಲ್ಲಿ, ಪಕ್ಕದ ಮನೆಯಲ್ಲಿ ಯಾರೋ ತಿನ್ನುತ್ತಿರುವಂತೆ.

ಮಾರ್ಲಿಸ್ ಈ ಆಟಕ್ಕೆ ಬಂದದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಡುವೇನ್ ಹಾಲ್ವರ್ಸನ್ ಎಂಬ ಪೀಠೋಪಕರಣ ಮಾರುವ ಹುಡುಗ ತನ್ನ ತಂದೆಯ ಮನೆಯ ನೆಲಮಾಳಿಗೆಯಲ್ಲಿ ಟೇಬಲ್ ಟೆನಿಸ್ ಮೇಜಿನ ಮೇಲೆ ಆಡಿಸುತ್ತಿದ್ದ. ಯಾರಿಗೂ ಬೇಡವಾದ ಸೋಫಾವನ್ನು, ಇದನ್ನು ಕೊಳ್ಳದಿದ್ದರೆ ಬದುಕಿ ಏನು ಫಲ ಎಂದು ಗಿರಾಕಿಗೆ ಅನಿಸುವಂತೆ ಮಾತಾಡುವವನು. ಅವನು ಕತ್ತಲ ಗುಹೆ ಎಂದರೆ ಮೇಜಿನವರೆಲ್ಲ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಮಾರ್ಲಿಸಳಿಗೆ ಮಾತು ಬರುತ್ತಿರಲಿಲ್ಲ, ಲೆಕ್ಕ ಬರುತ್ತಿತ್ತು. ಮೊದಲ ವಾರವೇ ಅವನ ಒಂದು ನಿಯಮ ನೋಡಿ, ಹೀಗೆ ಆಡಿದರೆ ಮಾಟಗಾರನನ್ನು ಯಾರೂ ಎಂದಿಗೂ ಗೆಲ್ಲಲಾರರು ಎಂದು ಪೆನ್ಸಿಲ್ಲಿನಲ್ಲಿ ತೋರಿಸಿಕೊಟ್ಟಳು. ಡುವೇನ್ ಎಲ್ಲರ ಮುಂದೆ ಎದ್ದು ನಿಂತು ಅವಳಿಗೆ ಟೋಪಿ ತೆಗೆದ. ಅಂದಿನಿಂದ ಅವನ ಮಾತು, ಅವಳ ಅಂಕಿ. ಇಬ್ಬರೂ ಸೇರಿ ಒಂಬತ್ತು ಪುಸ್ತಕ ತಂದರು. ಮೂರನೆಯದರ ಹೊತ್ತಿಗೆ ಅವನು ಅಂಗಡಿ ಬಿಟ್ಟ. ಅವಳು ಬಸ್ಸಿನ ಶೆಡ್ಡು ಬಿಡಲಿಲ್ಲ. ಅವರ ನಡುವೆ ಮದುವೆಯ ಮಾತು ಎಂದೂ ಬಂದಿರಲಿಲ್ಲ. ಜನ ಅಂದುಕೊಂಡದ್ದು ಬೇರೆ.

ಆ ಮೇಜಿನಲ್ಲಿ ಒಂದು ಪದ್ಧತಿ ಬೆಳೆದಿತ್ತು. ಏನೇ ಭಿನ್ನಾಭಿಪ್ರಾಯ ಬಂದರೂ, ಮಂಜುಗಡ್ಡೆ ತರಲು ಯಾರು ಹೋಗಬೇಕು ಎಂಬಲ್ಲಿಂದ ಹಿಡಿದು ಪುಸ್ತಕಕ್ಕೆ ಯಾವ ಹೆಸರು ಎಂಬವರೆಗೆ, ದಾಳ ಹಾಕಿ ತೀರ್ಮಾನ. ಡುವೇನ್ ಪ್ರತಿ ಸಲವೂ ದಾಳದ ಇಪ್ಪತ್ತು ಅಂಕಿಗಳಲ್ಲಿ ಎದುರಿನವರಿಗೆ ಹೆಚ್ಚು ಪಾಲು ಬಿಟ್ಟುಕೊಡುತ್ತಿದ್ದ. ಅದು ಅವನ ದೊಡ್ಡತನ ಎಂದು ಎಲ್ಲರೂ ಹೇಳುವರು. ದಾಳ ಬಿದ್ದ ಮೇಲೂ ಅವನು ಮಾತು ನಿಲ್ಲಿಸುತ್ತಿರಲಿಲ್ಲ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಹೋದ ಮೇ ತಿಂಗಳಲ್ಲಿ ಒಂಬತ್ತನೆಯ ಪುಸ್ತಕದ ಮುಖಪುಟ ಬಂತು. ಅದರ ಮೇಲೆ ಡುವೇನನ ಹೆಸರು ಮಾತ್ರ ಇತ್ತು. ಎರಡು ಹೆಸರು ಹಾಕಿದರೆ ಚಿತ್ರದ ಡ್ರ್ಯಾಗನ್ನಿನ ರೆಕ್ಕೆ ಮುಚ್ಚಿಹೋಗುತ್ತದೆ, ಒಳಗೆ ಮೊದಲ ಪುಟದಲ್ಲೇ ನಿನ್ನ ಹೆಸರಿದೆಯಲ್ಲ ಎಂದ. ಮಾರ್ಲಿಸ್ ಹಾಗಾದರೆ ದಾಳ ಹಾಕೋಣ ಎಂದಳು. ಹದಿನೇಳು ಬಿತ್ತು. ಅವಳು ಗೆದ್ದಿದ್ದಳು. ಡುವೇನ್ ಅವಳನ್ನು ಮೆಚ್ಚಿದ, ಬೆನ್ನು ತಟ್ಟಿದ, ಆಮೇಲೆ ರೆಕ್ಕೆಯ ಬಗ್ಗೆ, ಚಿತ್ರ ಬರೆದವನ ಮೂರು ತಿಂಗಳ ದುಡಿಮೆಯ ಬಗ್ಗೆ, ಇಷ್ಟು ವರ್ಷಗಳ ನಂಬಿಕೆಯ ಬಗ್ಗೆ ಮಾತಾಡುತ್ತಲೇ ಹೋದ. ಅವಳು ಕೇಳುತ್ತಾ ಕೂತಿದ್ದಳು. ಒಂದು ಗಂಟೆಯಾದ ಮೇಲೆ ಆಗಲಿ ಎಂದದ್ದು ಅವಳ ಬಾಯೇ. ಮನೆಗೆ ಬಂದು ಕೋಟು ಬಿಚ್ಚಿ ಮೊಳೆಗೆ ಹಾಕಿದಳು. ಕೋಟಿನ ಜೊತೆ ಇನ್ನೇನೋ ಅಲ್ಲೇ ನೇತುಬಿತ್ತು. ಅಳು ಬರಲಿಲ್ಲ, ಸಿಟ್ಟು ಬರಲಿಲ್ಲ. ಬೆಳಿಗ್ಗೆ ಎದ್ದು ಬಸ್ಸುಗಳನ್ನು ಕಳಿಸಿದಳು. ಹತ್ತು ತಿಂಗಳೂ ಹಾಗೇ ಕಳಿಸಿದಳು.

ಮೋಡಿಯ ಅಧ್ಯಾಯವನ್ನು ಅವಳು ಬರೆದದ್ದು ಆ ಮರಗಟ್ಟಿದ ತಿಂಗಳುಗಳಲ್ಲೇ. ಕೆಲಸ ಚೆನ್ನಾಗಿಯೇ ಸಾಗಿತು. ಮಾತಿನಿಂದ ಒಲಿಸುವುದಕ್ಕೂ ಮಂತ್ರ ಹಾಕುವುದಕ್ಕೂ ನಡುವೆ ಎಷ್ಟು ಅಂತರವಿಡಬೇಕು. ಮೋಡಿಗೊಳಗಾದವನು ಎಲ್ಲವನ್ನೂ ಒಪ್ಪುತ್ತಾನೋ, ತನ್ನ ಮನೆಗೆ ತಾನೇ ಬೆಂಕಿ ಹಚ್ಚು ಎಂದರೆ ತಡೆಯುತ್ತಾನೋ. ಮೋಡಿ ಇಳಿದ ಮೇಲೆ ಅವನಿಗೆ ನಡೆದದ್ದು ನೆನಪಿರುತ್ತದೋ. ನೆನಪಿರಲಿ ಎಂದು ಬರೆದಳು. ಸ್ನೇಹಕ್ಕೆ ವರ್ಷಕ್ಕೊಂದು ಅಂಕಿ ಎಂಬ ನಿಯಮ ಎಲ್ಲಿಂದ ಬಂತೆಂದು ಅವಳಿಗೇ ಗೊತ್ತಿಲ್ಲ. ಬರೆದಾಗ ಸಹಜವಾಗಿ ಕಂಡಿತ್ತು.

ಮಾರ್ಚ್ ಮೊದಲ ವಾರ ಆಪಲ್ಟನ್ ಊರಿನ ಒಂದು ಆಟದ ಅಂಗಡಿಯಲ್ಲಿ ಪರೀಕ್ಷೆಯ ಆಟ ನಡೆಯಿತು. ನಾಲ್ಕು ಮೇಜು, ಮೇಜಿಗೆ ನಾಲ್ಕು ಜನ. ಆಡಿ ಮುಗಿದ ಮೇಲೆ ತುಂಬಿ ಕಳಿಸಲು ಹದಿನಾರು ಹಾಳೆ ಕೊಟ್ಟಿದ್ದರು. ಅಂಚೆಯಲ್ಲಿ ಹದಿಮೂರು ವಾಪಸು ಬಂದವು. ಡುವೇನ್ ಅವನ್ನು ಓದಿ, ಖುಷಿಯಿಂದ ಶೆಡ್ಡಿಗೇ ತಂದುಕೊಟ್ಟು ಹೋದ. ಹನ್ನೆರಡರಲ್ಲಿ ಮೋಡಿಯ ಅಧ್ಯಾಯಕ್ಕೆ ಬಹಳ ಮಜಾ ಎಂಬ ಚೌಕಕ್ಕೇ ಗುರುತಿತ್ತು. ಒಬ್ಬ ಪಕ್ಕದಲ್ಲಿ ನಗುವ ಮುಖ ಬರೆದಿದ್ದ.

ಹದಿಮೂರನೆಯದು ಎರಡನೆಯ ಮೇಜಿನ ಕೊರಿನ್ ಎಂಬವಳದು. ಚೌಕಗಳೆಲ್ಲ ಖಾಲಿ. ಕೆಳಗೆ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: 'ನಮ್ಮ ಪಾತ್ರಗಳು ಹನ್ನೆರಡು ವರ್ಷದಿಂದ ಜೊತೆಗಾರರು ಅಂತ ಹಾಳೆಯಲ್ಲಿತ್ತು. ಹಾಗಾಗಿ ಶತ್ರುಗಳಿಗಿಂತ ನನ್ನನ್ನು ಮೋಡಿ ಮಾಡುವುದು ಸುಲಭವಾಯಿತು. ನನ್ನ ಪಾತ್ರದವಳು ತನ್ನ ಕುದುರೆ ಕೊಟ್ಟಳು, ಉಂಗುರ ಕೊಟ್ಟಳು, ತನ್ನ ತಮ್ಮ ಎಲ್ಲಿ ಅಡಗಿದ್ದಾನೆಂದು ಹೇಳಿದಳು. ಎಲ್ಲರೂ ನಕ್ಕರು. ನಾನೂ ಪರವಾಗಿಲ್ಲ ಅಂದೆ. ಮುಂದಿನ ವಾರ ಬರುವುದಿಲ್ಲ.'

ಮಾರ್ಲಿಸ್ ಅದನ್ನು ಓದಿ ಪಕ್ಕಕ್ಕಿಟ್ಟಳು. ಏನೂ ಅನಿಸಲಿಲ್ಲ. ಮುಚ್ಚಳ ಎಳೆದುಕೊಂಡು ಲೆಕ್ಕ ಮಾಡಿದಳು. ಅಪರಿಚಿತನಿಗೆ ಹದಿನೈದು ಬೀಳಬೇಕು, ಅಂದರೆ ಇಪ್ಪತ್ತರಲ್ಲಿ ಆರು ಪಾಲು. ಹನ್ನೆರಡು ವರ್ಷದ ಗೆಳತಿಗೆ ಮೂರು ಬಿದ್ದರೆ ಸಾಕು, ಇಪ್ಪತ್ತರಲ್ಲಿ ಹದಿನೆಂಟು ಪಾಲು. ಕೂಡಿಸುವ ಅಂಕಿಗೆ ಅವಳು ಮೇಲ್ಮಿತಿಯನ್ನೇ ಹಾಕಿರಲಿಲ್ಲ. ನಿಯಮ ಬರೆಯುವವರು ಮೊದಲು ಕಲಿಯುವ ಪಾಠ ಅದು. ಇಪ್ಪತ್ತೆರಡು ವರ್ಷದಲ್ಲಿ ಅವಳು ಒಮ್ಮೆಯೂ ಮರೆತಿರಲಿಲ್ಲ. ಈ ಆಟದಲ್ಲಿ ಬುದ್ಧಿವಂತ ಆಟಗಾರ ರಾಕ್ಷಸನ ತಂಟೆಗೆ ಹೋಗುವುದೇ ಇಲ್ಲ, ಪಕ್ಕದಲ್ಲಿ ಕೂತವಳನ್ನು ಬೇಟೆಯಾಡುತ್ತಾನೆ. ಎಲ್‌ರಾಯ್‌ಗೆ ತಾನೇ ಹೇಳಿದ್ದು ನೆನಪಾಯಿತು. ಹದಿನಾಲ್ಕು ದಾಟಿದರೆ ದಾಳ ಬೇಡ.

ಆಮೇಲೆ ಹಾಳೆಗಳನ್ನು ಮೇಜಿನ ನಂಬರಿನ ಪ್ರಕಾರ ಜೋಡಿಸಿದಳು. ಎರಡನೆಯ ಮೇಜಿನಿಂದ ನಾಲ್ಕೂ ಬಂದಿದ್ದವು. ಉಳಿದ ಮೂರು ಮೇಜುಗಳಿಂದ ಮೂರು ಮೂರು. ಆ ಮೂರು ಮೇಜುಗಳಲ್ಲೂ ಒಬ್ಬೊಬ್ಬರು ಬರೆದಿರಲಿಲ್ಲ. ಎರಡು ಗಂಟೆಯಾಗಿ ರೇಡಿಯೋ ಕರೆಯುವವರೆಗೂ ಅವಳು ಆ ಜೋಡಣೆಯನ್ನು ನೋಡುತ್ತಾ ಕೂತಿದ್ದಳು.

ಮೂರು ಸಂಜೆ ಕೂತು ತಿದ್ದಿದಳು. ಸ್ನೇಹದ ಅಂಕಿಯನ್ನು ತೆಗೆದುಹಾಕಿದಳು. ಹದಿನಾರು ಪುಟದ ಕೊನೆಗೆ ಅರ್ಧ ಪುಟ ಸೇರಿಸಿದಳು. ಅದರಲ್ಲಿ ಮುಖ್ಯವಾದದ್ದು ನಾಲ್ಕು ಸಾಲು: 'ಮೋಡಿ ಕಿವಿಯ ದಾರಿಯಲ್ಲಿ ಬರುತ್ತದೆ. ಯಾರ ಮೇಲೆ ಪ್ರಯೋಗವಾಗುತ್ತಿದೆಯೋ ಆ ಪಾತ್ರ ಎದ್ದು, ಮಾತು ಕೇಳಿಸದಷ್ಟು ದೂರ ನಡೆದುಹೋಗಬಹುದು. ಹಾಗೆ ಹೋಗುವವರು ದಾಳ ಹಾಕಬೇಕಿಲ್ಲ, ಕಾರಣ ಹೇಳಬೇಕಿಲ್ಲ. ಎದುರಿನವರ ಮಾತು ಮುಗಿಯಲೆಂದು ಕಾಯಬೇಕಿಲ್ಲ.'

ಡುವೇನನ ಮೇಜಿನ ಗುರುವಾರದ ಆಟದಲ್ಲಿ ಅದನ್ನು ಆಡಿ ನೋಡಿದರು. ಡುವೇನನ ಮಾಟಗಾತಿ ಜೇನಿನಂಥ ದನಿಯಲ್ಲಿ ಮಾತು ಶುರುಮಾಡಿದಳು. ಮೂರನೆಯ ವಾಕ್ಯಕ್ಕೆ, ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸದ ಓರಿನ್, ನನ್ನ ಪಾತ್ರದ ಕುಳ್ಳ ಎದ್ದು ಹೊರಟ ಎಂದು ಹೇಳಿ ಚಿಪ್ಸಿಗೆ ಕೈ ಹಾಕಿದ. ಹೊರಟ ಅಂದ್ರೆ ಏನು ಎಂದು ಡುವೇನ್ ಕೇಳಿದ. ಹೊರಟ ಅಂದ್ರೆ ಹೊರಟ, ನಿನ್ನ ಮಾಟಗಾತಿ ಈಗ ಕಂಬದ ಜೊತೆ ಮಾತಾಡ್ತಿದಾಳೆ ಎಂದ ಓರಿನ್. ಮೇಜೆಲ್ಲ ನಕ್ಕಿತು. ಡುವೇನನೂ ನಕ್ಕ, ಸ್ವಲ್ಪ ತಡವಾಗಿ. ಇದು ಆಟವನ್ನೇ ಕೊಲ್ಲುತ್ತದೆ, ಆಮೇಲೆ ನೋಡೋಣ ಎಂದ.

ಅವರಲ್ಲಿ ಇನ್ನೊಂದು ರೂಢಿಯಿತ್ತು. ಪ್ರತಿ ಪುಸ್ತಕಕ್ಕೂ ಮಾರ್ಲಿಸ್ ತನ್ನ ಅಧ್ಯಾಯಗಳನ್ನು ಅಚ್ಚಿಗೆ ಒಪ್ಪಿಸಿದ್ದೇನೆ ಎಂದು ಒಂದು ಹಾಳೆಗೆ ರುಜು ಹಾಕಬೇಕು. ರುಜುವಿಲ್ಲದೆ ಮುದ್ರಣದವನು ಯಂತ್ರ ಚಾಲೂ ಮಾಡುವುದಿಲ್ಲ. ಸೋಮವಾರ ಅಚ್ಚು ಎಂದು ಗೊತ್ತಾಗಿತ್ತು. ಶುಕ್ರವಾರ ಸಂಜೆ ಐದಕ್ಕೆ, ಮೀನಿನ ಊಟಕ್ಕೆ ಬಾ ಎಂದು ಡುವೇನ್ ಫೋನು ಮಾಡಿದ.

ಈಸ್ಟರಿಗೆ ಮುಂಚಿನ, ಮಾಂಸ ಬಿಟ್ಟು ಮೀನು ತಿನ್ನುವ ಶುಕ್ರವಾರಗಳಲ್ಲಿ ಊರಿನ ಸರೋವರದ ಪಕ್ಕದ ಊಟದ ಮನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಡುವೇನನಿಗೆ ಮಾತ್ರ ಕಿಟಕಿಯ ಪಕ್ಕದ ಮೇಜು ಸಿಕ್ಕಿತ್ತು. ಎಲ್ಲಿ ಹೋದರೂ ಅವನಿಗೆ ಸಿಗುತ್ತದೆ. ಮಾರ್ಲಿಸ್ ಬರುವಷ್ಟರಲ್ಲಿ ಅವಳ ಪಾಲಿನ ಹುರಿದ ಮೀನು, ಆಲೂಗೆಡ್ಡೆ ದೋಸೆ, ಹಸಿ ಕೋಸು ಬಂದು ಕೂತಿದ್ದವು. ಬ್ರಾಂದಿಗೆ ಅವಳಿಗೆ ಇಷ್ಟವಾಗುವ ಹಾಗೆ ಎರಡು ಚೆರಿ ಹಾಕಿಸಿದ್ದ. ತಟ್ಟೆಯ ಪಕ್ಕದಲ್ಲಿ ಹೊಸ ಪುಸ್ತಕದ ಕರಡು. ಕರಡಿನ ಮೇಲೆ ರುಜುವಿನ ಹಾಳೆ, ಅದರ ಮೇಲೆ ಪೆನ್ನು.

ಅವಳು ಕೋಟು ಕುರ್ಚಿಯ ಬೆನ್ನಿಗೆ ಹಾಕಿ, ಕರಡಿನ ಕೊನೆಯ ಪುಟಗಳನ್ನು ತೆಗೆದು ನೋಡಿದಳು. ಸ್ನೇಹದ ಅಂಕಿ ಮರಳಿ ಬಂದಿತ್ತು. ಅರ್ಧ ಪುಟ ಇರಲಿಲ್ಲ.

"ತೆಗ್ದಿದೀನಿ. ಕೋಪ ಮಾಡ್ಕೋಬೇಡ," ಎಂದ ಡುವೇನ್.

"ಕೋಪ ಇಲ್ಲ."

"ಅದೇ ನೋಡು ನಿನ್ನಲ್ಲಿ ನಂಗೆ ಇಷ್ಟ." ಅವನು ಕರಡನ್ನು ತಿರುಗಿಸಿ ಮುಖಪುಟ ತೋರಿಸಿದ. ಮಾಟಗಾತಿಯೊಬ್ಬಳು ಬೆರಳೆತ್ತಿ ನಿಂತಿದ್ದಳು. ಕೆಳಗೆ ಎರಡು ಹೆಸರು, ಒಂದೇ ಗಾತ್ರದಲ್ಲಿ. ಡುವೇನ್ ಹಾಲ್ವರ್ಸನ್, ಮಾರ್ಲಿಸ್ ಟೆಟ್ಜ್‌ಲಾಫ್. "ಈ ಸಲ ಜಾಗ ಮಾಡ್ಸಿದೆ. ಹೋದ್ಸಲದ್ದು ನನ್ನ ಮನಸ್ಸಲ್ಲೇ ಕೊರೀತಿತ್ತು, ನಿಜವಾಗ್ಲೂ."

ಅವಳು ತನ್ನ ಹೆಸರನ್ನು ನೋಡಿದಳು. ಶಾಲೆಯ ಹಾಜರಿಯಲ್ಲಿ ಬೇರೆ ಯಾರದೋ ಹೆಸರು ನೋಡಿದಂತಿತ್ತು. ಇದು ಬೇಕೆಂದು ಎಂದೋ ಆಸೆಪಟ್ಟದ್ದು ಗೊತ್ತಿತ್ತು, ಆ ಆಸೆ ಹೇಗಿತ್ತೆಂದು ನೆನಪಾಗಲಿಲ್ಲ.

ಡುವೇನ್ ಬಹಳ ಹೊತ್ತು ಮಾತಾಡಿದ. ಕೆಟ್ಟ ಮಾತು ಒಂದೂ ಇರಲಿಲ್ಲ. ಅಂಗಡಿಗಳವರು ಮೋಡಿಯ ಅಧ್ಯಾಯಕ್ಕಾಗಿಯೇ ಕಾಯುತ್ತಿದ್ದಾರೆ ಎಂದ. ಎದ್ದು ಹೋಗಬಹುದಾದರೆ ಮೋಡಿಗೆ ಏನು ಬೆಲೆ ಎಂದ. ಅವಳ ತಾಯಿಗೆ ಕಾಯಿಲೆಯಾದಾಗ ತಾನು ಹಿಮ ಬಾಚಿಕೊಟ್ಟದ್ದನ್ನು ಹೇಳಲಿಲ್ಲ. ಆ ಚಳಿಗಾಲದ ಹೆಸರು ಮಾತ್ರ ಎತ್ತಿದ. ಹದಿಮೂರರಲ್ಲಿ ಹನ್ನೆರಡು ಜನ ಮೆಚ್ಚಿದ್ದಾರೆ, ಒಬ್ಬ ಅಳುಮುಂಜಿಗೋಸ್ಕರ ನಿಯಮ ಬದಲಾಯಿಸುವುದುಂಟೇ ಎಂದ.

"ಹದಿನಾರು ಕೊಟ್ಟಿದ್ವಿ," ಎಂದಳು ಮಾರ್ಲಿಸ್.

"ಏನು?"

"ಹಾಳೆ. ಹದಿನಾರು ಕೊಟ್ಟಿದ್ವಿ, ಮೂರು ಬಂದಿಲ್ಲ. ಒಂದೊಂದು ಮೇಜಿಂದ ಒಂದೊಂದು. ಹನ್ನೆರಡು ಹಾಳೆ ಮೋಡಿ ಮಾಡಿದೋರ್ದು, ಡುವೇನ್. ಮೋಡಿಗೆ ಸಿಕ್ಕೋರಲ್ಲಿ ಬರೆದೋಳು ಅವಳೊಬ್ಬಳೇ."

ಡುವೇನ್ ಮೀನಿನ ಮುಳ್ಳು ತೆಗೆದು ತಟ್ಟೆಯಂಚಿಗೆ ಇಟ್ಟ. ಅವನಿಗೆ ಅರ್ಥವಾಗಿತ್ತು, ಅಷ್ಟು ಚುರುಕಾದ ಮನುಷ್ಯ ಅವನು. ಆಮೇಲೆ ಅಂಗಿಯ ಜೇಬಿನಿಂದ ಕೆಂಪು ದಾಳ ತೆಗೆದ. ಮೊದಲ ವರ್ಷದ ದಾಳ, ಅಂಚುಗಳೆಲ್ಲ ಸವೆದು ದುಂಡಗಾಗಿತ್ತು.

"ಸರಿ. ಯಾವತ್ತಿನ ಹಾಗೇ ಮಾಡೋಣ. ಐದೋ ಮೇಲೋ ಬಿದ್ರೆ ನಿನ್ನ ಅರ್ಧ ಪುಟ ಇರ್ಲಿ. ಕೆಳಗೆ ಬಿದ್ರೆ ತೆಗೀತೀವಿ. ಹದಿನಾರು ಪಾಲು ನಿಂಗೇ ಬಿಟ್ಟಿದೀನಿ ಮಾರಾಯ್ತಿ, ಇನ್ನೇನು ಮಾಡ್ಲಿ ಹೇಳು?"

ಲೆಕ್ಕ ಸರಿಯಾಗಿತ್ತು. ಇಪ್ಪತ್ತರಲ್ಲಿ ಹದಿನಾರು. ಇದಕ್ಕಿಂತ ಒಳ್ಳೆಯ ಪಾಲನ್ನು ಯಾರೂ ಯಾರಿಗೂ ಕೊಡುವುದಿಲ್ಲ. ಹೋದ ಮೇ ತಿಂಗಳಲ್ಲೂ ಪಾಲು ಚೆನ್ನಾಗಿಯೇ ಇತ್ತು, ಹದಿನೇಳು ಬಿದ್ದಿತ್ತು. ಗೆದ್ದ ಮೇಲೆ ಅವಳು ಕೂತೇ ಇದ್ದಳು. ಅಷ್ಟೇ ಅವಳು ಮಾಡಿದ್ದು.

ಡುವೇನ್ ದಾಳ ಬಿಟ್ಟ. ಅದು ಕಾಗದದ ಹಾಸಿನ ಮೇಲೆ ಸದ್ದಿಲ್ಲದೆ ಉರುಳತೊಡಗಿತು. ಮಾರ್ಲಿಸ್ ಪೆನ್ನನ್ನು ಪಕ್ಕಕ್ಕೆ ಸರಿಸಿದಳು. ರುಜುವಿಲ್ಲದ ಹಾಳೆಯನ್ನು ನಾಲ್ಕಾಗಿ ಮಡಚಿ ಕೈಯಲ್ಲಿಟ್ಟುಕೊಂಡಳು. ಎದ್ದು ಕೋಟು ತೆಗೆದುಕೊಂಡಳು. ಹತ್ತು ತಿಂಗಳು ಬಸ್ಸುಗಳನ್ನು ಕಳಿಸಿದ ಹಾಗೆಯೇ ಈಗ ತನ್ನ ಕಾಲುಗಳನ್ನು ಕಳಿಸಿದಳು.

"ಹದಿಮೂರು," ಎಂದ ಡುವೇನ್ ಹಿಂದಿನಿಂದ. "ಮಾರ್ಲಿಸ್, ನೀನೇ ಗೆದ್ದಿದೀಯ, ನೋಡಿಲ್ಲಿ. ಕೂತ್ಕೋ. ಗೆದ್ದಿದೀಯ, ನಾನು ಒಪ್ಕೊಂಡೆ. ಈಗ ಒಂದೇ ಒಂದು ಮಾತು ಕೇಳು, ಅರ್ಧ ಪುಟ ಇರ್ಲಿ, ಆದ್ರೆ ಪುಸ್ತಕದ ಕೊನೇಲಿ, ಬೇಕಾದೋರು ಆಡ್ಲಿ ಅಂತ ಸಣ್ಣ ಅಕ್ಷರದಲ್ಲಿ..."

ತಟ್ಟೆ ಹೊತ್ತ ಹುಡುಗಿಗೆ ದಾರಿ ಬಿಟ್ಟು, ಮಾರ್ಲಿಸ್ ಬಾಗಿಲು ತಳ್ಳಿದಳು. ಅವನು ಇನ್ನೂ ಮಾತಾಡುತ್ತಿದ್ದ. ಬಾಗಿಲು ಮುಚ್ಚಿಕೊಂಡ ಮೇಲೆ ಅವಳಿಗೆ ಕೇಳಿಸಲಿಲ್ಲ.